ಮನೆಯಂಗಳದ ಮಾತು: ದೊಡ್ಡ ಕ್ಯಾಮೆರಾವೋ, ಚಿಕ್ಕ ಕ್ಯಾಮೆರಾವೋ?

ಸಾಗರದ ಕಡೆಯ ಸೋದರಿಯೊಬ್ಬರು ಕಳೆದ ತಿಂಗಳು ನಮಗೊಂದು ಕಾಗದವನ್ನು ಬರೆದಿರುವರು. ಅದರಲ್ಲಿ ಕ್ಷೇಮಸಮಾಚಾರವು ಎರಡು ಪಂಕ್ತಿ, ಪ್ರಶ್ನೆಯು ಎರಡು ಪುಟ. ಪ್ರಶ್ನೆಯ ಸಾರಾಂಶವನ್ನು ವಾಚಕರ ಮುಂದಿಡುವೆವು. ಏಕೆಂದರೆ ಇದು ಅವರೊಬ್ಬರ ಪ್ರಶ್ನೆಯಲ್ಲ, ಹಲವು ಮನೆಗಳ ಪ್ರಶ್ನೆ.

ಅವರ ಅತ್ತೆಯವರಿಗೆ ಈಗ 78 ವರ್ಷ. ಮಲೆನಾಡಿನ ದೀವರ ಮನೆಗಳಲ್ಲಿ ಪರಂಪರೆಯಾಗಿ ಬಂದಿರುವ ಹಸೆ ಚಿತ್ತಾರದಲ್ಲಿ ಆ ವೃದ್ಧೆಯದು ಪಳಗಿದ ಕೈ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಿಂದ, ಎಳೆಗೆ ಎಳೆ ಸೇರಿಸುತ್ತ ಅವರು ಬರೆಯುವರು, ಬರೆಯುವಾಗ ಹಾಡುವರು. ಈಚೆಗೆ ಅವರ ಕೈ ನಡುಗುತ್ತಿರುವುದು. ಹಾಡಿನ ನಡುವೆ ಪದಗಳು ಮರೆತುಹೋಗುತ್ತಿರುವುವು. ಬರುವ ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿಯನ್ನು ತಾವೇ ಬರೆಯುವುದಾಗಿ ಹೇಳಿರುವರಂತೆ. “ಇದೇ ಕಡೆಯದಾದೀತೆಂದು ನನ್ನ ಮನಸ್ಸು ಹೇಳುತ್ತಿದೆ, ಅದನ್ನು ಉಳಿಸಿಕೊಳ್ಳಬೇಕು” ಎಂದು ಸೊಸೆಯು ಬರೆದಿರುವರು. ಅವರಲ್ಲಿ ಸ್ವಲ್ಪ ಹಣ ಕೂಡಿರುವುದು. ಮೈದುನನು ತನ್ನ ಹಳೆಯ ನಿಕಾನ್ ಡಿ90 ಎಂಬ ದೊಡ್ಡ ಡಿಎಸ್‌ಎಲ್‌ಆರ್ ಕ್ಯಾಮೆರಾವನ್ನು ಅದರ ಮಸೂರದೊಡನೆ ಕೊಡುವೆನೆನ್ನುವನು. ಅದೇ ಬೆಲೆಗೆ ಪೇಟೆಯಲ್ಲಿ ಸೋನಿ ಆರ್‌ಎಕ್ಸ್100 ಎಂಬ, ಕೈಬದಲಾದ ಸಣ್ಣ ಕ್ಯಾಮೆರಾವು ದೊರೆಯುವುದು. ಯಾವುದನ್ನು ಕೊಳ್ಳಲಿ?

ವ್ಯಾಕರಣದ ಪ್ರಶ್ನೆಯಾಗಿದ್ದರೆ ಕುಳಿತಲ್ಲಿಯೇ ಉತ್ತರಿಸುತ್ತಿದ್ದೆವು. ಇದು ಹಾಗಲ್ಲ. ದೈವವಶದಿಂದ ಕಾಗದದಲ್ಲಿ ಹೆಸರಿಸಿದ ಎರಡು ಯಂತ್ರಗಳೂ ನಮಗೆ ಎರವಲಾಗಿ ದೊರೆತುವು. ಒಂದು ಅಳಿಯಂದಿರಿಂದ, ಇನ್ನೊಂದು ನೆರೆಮನೆಯ ಹುಡುಗನಿಂದ. ಒಂದು ವಾರ ಎರಡನ್ನೂ ಮನೆಯಲ್ಲಿಟ್ಟುಕೊಂಡು ನೋಡಿದೆವು. ಅನ್ನ ಬೆಂದಿತೆ ಎಂಬುದನ್ನು ಒಂದು ಅಗುಳಿನಿಂದ ತಿಳಿಯಬಹುದೆಂದು ಸ್ಥಾಲೀಪುಲಾಕನ್ಯಾಯವು ಹೇಳುವುದು. ಕ್ಯಾಮೆರಾಗಳಿಗೆ ಆ ನ್ಯಾಯವು ಸಲ್ಲದು. ಅಂಗಡಿಯ ಬಿಸಿಲಿನಲ್ಲಿ ತೆಗೆದ ಒಂದು ಚಿತ್ರವು ಮನೆಯ ನಡುಮನೆಯ ಕತ್ತಲೆಯ ವಿಷಯವನ್ನು ಏನೂ ತಿಳಿಸದು.

ಮೊದಲು ಎರಡರ ಸ್ವರೂಪವನ್ನು ತಿಳಿಯುವುದು ಯುಕ್ತವು. ಲ್ಯಾಟಿನ್ ಭಾಷೆಯಲ್ಲಿ ಕ್ಯಾಮೆರಾ ಎಂದರೆ ಕೋಣೆ. ಕತ್ತಲೆಯ ಕೋಣೆ, ಅದಕ್ಕೊಂದು ಕಿಟಕಿ, ಕಿಟಕಿಯೆದುರು ಬೆಳಕು ಬಂದು ಬೀಳುವ ಒಂದು ಗೋಡೆ. ಎಷ್ಟು ಬೆಲೆಯ ಯಂತ್ರವಾದರೂ ಇಷ್ಟೆ. ಗೋಡೆಯೆಂದರೆ ಬೆಳಕನ್ನು ಗ್ರಹಿಸುವ ಸೆನ್ಸರ್. ಕಿಟಕಿಯೆಂದರೆ ಮಸೂರದ ರಂಧ್ರ. 2008ರಲ್ಲಿ ಹೊರಬಂದ ಡಿ90ರ ಗೋಡೆಯು 23.6 ಮಿ.ಮೀ. ಅಗಲ, 15.8 ಮಿ.ಮೀ. ಎತ್ತರ. 2012ರಲ್ಲಿ ಬಂದ ಆರ್‌ಎಕ್ಸ್100ರದು 13.2 ಮಿ.ಮೀ. ಅಗಲ, 8.8 ಮಿ.ಮೀ. ಎತ್ತರ. ಗುಣಿಸಿ ನೋಡಿದರೆ ದೊಡ್ಡದರ ಗೋಡೆಯು ಚಿಕ್ಕದರ ಗೋಡೆಯ 3 ಪಾಲಿಗಿಂತ ಸ್ವಲ್ಪ ಹೆಚ್ಚು. ಗೋಡೆ ದೊಡ್ಡದಾದಷ್ಟೂ ಹೆಚ್ಚು ಬೆಳಕು ಸಂಗ್ರಹವಾಗುವುದು; ಮಬ್ಬಿನಲ್ಲಿ ಚಿತ್ರದ ಮೇಲೆ ಮರಳು ಎರಚಿದಂತೆ ಕಾಣುವ ಒರಟುತನವು ಕಡಮೆಯಾಗುವುದು. ಇಷ್ಟನ್ನೇ ಕೇಳಿದವರು “ಹಾಗಾದರೆ ದೊಡ್ಡದೇ ಸರಿ” ಎಂದು ಎದ್ದುಬಿಡುವರು. ಅವರು ಕಿಟಕಿಯನ್ನು ಮರೆತರು.

ಕಿಟಕಿಯ ಅಳತೆಯನ್ನು ಎಫ್ ಎಂಬ ಅಂಕದಿಂದ ಸೂಚಿಸುವರು. ಅಂಕ ಕಿರಿದಾದರೆ ಕಿಟಕಿ ಹಿರಿದು. ಡಿ90ರೊಡನೆ ಸಾಮಾನ್ಯವಾಗಿ ಮಾರಾಟವಾಗುತ್ತಿದ್ದ 18–105 ಮಿ.ಮೀ. ಮಸೂರವು ಅಗಲನೋಟದಲ್ಲಿ ಎಫ್ 3.5ರವರೆಗೆ ತೆರೆಯುವುದು, ಆರ್‌ಎಕ್ಸ್100ರ ಮಸೂರವು ಎಫ್ 1.8ರವರೆಗೆ. ಬೆಳಕಿನ ಲೆಕ್ಕವು ಈ ಅಂಕಗಳ ವರ್ಗದಂತೆ ನಡೆಯುವುದರಿಂದ, ಚಿಕ್ಕದರ ಕಿಟಕಿಯು ಹೆಚ್ಚುಕಡಮೆ 3¾ ಪಾಲು ಬೆಳಕನ್ನು ಬಿಡುವುದು. ಒಂದರ ಗೋಡೆ ಹಿರಿದು, ಇನ್ನೊಂದರ ಕಿಟಕಿ ಅಗಲ, ಲೆಕ್ಕ ಸರಿಹೋಯಿತು! ನಮ್ಮ ದೇವರಮನೆಯಲ್ಲಿ ಎಣ್ಣೆಯ ದೀಪವೊಂದರ ಬೆಳಕಿನಲ್ಲಿ ಎರಡರಿಂದಲೂ ಚಿತ್ರ ತೆಗೆದು ಮಕ್ಕಳ ಮುಂದಿಟ್ಟೆವು. ಯಾವುದು ಯಾವುದರದೆಂದು ಅವರು ಒಮ್ಮತದಿಂದ ಹೇಳಲಾರದೆ ಹೋದರು.

ಆದರೆ ದೂರದ ವಸ್ತುವಿಗೆ ಈ ಸಮಾನತೆಯು ಸಲ್ಲದು. ಶಾಲೆಯ ರಂಗಸ್ಥಳದ ಮೇಲೆ ಕುಣಿಯುವ ಮಗುವನ್ನು ಹಿಂದಿನ ಸಾಲಿನಿಂದ ತೆಗೆಯಬೇಕೆನ್ನಿ. ಚಿಕ್ಕದು ಆ ಮಗುವನ್ನು ಎಳೆಯಬಲ್ಲಷ್ಟಕ್ಕಿಂತ ಒಂದೂವರೆ ಪಾಲು ಹತ್ತಿರಕ್ಕೆ ದೊಡ್ಡದು ಎಳೆಯುವುದು. ಆ ತುದಿಯಲ್ಲಿ ಚಿಕ್ಕದರ ಕಿಟಕಿಯೂ ಎಫ್ 4.9ಕ್ಕೆ ಕಿರಿದಾಗುವುದು, ದೊಡ್ಡದರದು ಎಫ್ 5.6. ಕಿಟಕಿಗಳು ಹೆಚ್ಚುಕಡಮೆ ಸಮವಾದ ಮೇಲೆ ಗೋಡೆಯ ಹಿರಿತನವೇ ಗೆಲ್ಲುವುದು. ಮತ್ತೂ ಒಂದು ಮಾತು: ದೊಡ್ಡದರ ಮಸೂರವನ್ನು ಕಳಚಿ ಬೇರೆಯದನ್ನು ತೊಡಿಸಬಹುದು. ಎಫ್ 1.8ರ 50 ಮಿ.ಮೀ. ಮಸೂರವೊಂದನ್ನು ತೊಡಿಸಿದರೆ ಮಬ್ಬುಗತ್ತಲೆಯಲ್ಲಿ ಮುಖಗಳನ್ನು ಚಿತ್ರಿಸುವುದರಲ್ಲಿ ಚಿಕ್ಕದು ಅದಕ್ಕೆ ಸಾಟಿಯಲ್ಲ.

ಇನ್ನು ಕಣ್ಣಿನ ವಿಷಯ. ದೊಡ್ಡದರೊಳಗೆ ಓರೆಯಾಗಿ ನಿಂತ ಕನ್ನಡಿಯೊಂದಿರುವುದು. ಅದು ಮಸೂರದಿಂದ ಬಂದ ಬೆಳಕನ್ನೇ ಮೇಲಕ್ಕೆ ತಿರುಗಿಸಿ ನಮ್ಮ ಕಣ್ಣಿಗೆ ಮುಟ್ಟಿಸುವುದು. ನಾವು ಓದುಗನ್ನಡಕದವರು, ಆ ನೋಟಕಿಂಡಿಯ ಪಕ್ಕದ ಸಣ್ಣ ತಿರುಗಣಿಯನ್ನು ನಮ್ಮ ದೃಷ್ಟಿಗೆ ಹೊಂದಿಸಿಕೊಂಡರೆ ಕನ್ನಡಕವಿಲ್ಲದೆಯೇ ಎಲ್ಲವೂ ಸ್ಪಷ್ಟ. ಚಿಕ್ಕದಕ್ಕೆ ಕಿಂಡಿಯೇ ಇಲ್ಲ. ಬೆನ್ನಿನ ತೆರೆಯನ್ನು ನೋಡಿಯೇ ತೆಗೆಯಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ ಅಂಗಳದಲ್ಲಿ ನಿಂತಾಗ ಆ ತೆರೆಯಲ್ಲಿ ನಮ್ಮ ಮುಖವೇ ನಮಗೆ ಕಾಣುತ್ತಿತ್ತು. ಹಿರಿಯರು ಇದನ್ನು ಲಕ್ಷ್ಯದಲ್ಲಿಡತಕ್ಕದ್ದು.

ಕನ್ನಡಿಯ ಗುಣದೊಡನೆ ಅದರ ದೋಷವೂ ಇರುವುದು. ಪ್ರತಿ ಚಿತ್ರಕ್ಕೂ ಅದು ಎದ್ದು ಬೀಳುವುದು, ಸದ್ದುಮಾಡುವುದು. ನಮ್ಮ ಮನೆಯವರು ಮುಂಜಾನೆ ರಂಗವಲ್ಲಿ ಇಡುತ್ತಿದ್ದಾಗ ದೊಡ್ಡದನ್ನು ಹಿಡಿದು ನಿಂತೆವು. ಖಟ್ ಎಂದಿತು. ಅವರು ತಲೆಯೆತ್ತಿದರು, ಸೆರಗು ಸರಿಪಡಿಸಿಕೊಂಡರು, ಮುಖದ ಮೇಲೆ ಫೋಟೋದ ಮುಖವನ್ನು ತಂದುಕೊಂಡರು. ಮುಂದೆ ತೆಗೆದ ಹತ್ತು ಚಿತ್ರಗಳಲ್ಲಿಯೂ ಆ ಮುಖವೇ. ಮರುದಿನ ಚಿಕ್ಕದರ ಸದ್ದನ್ನಡಗಿಸಿ ತೆಗೆದೆವು. ಅವರಿಗೆ ತಿಳಿಯಲೇ ಇಲ್ಲ. ಕೈಬೆರಳುಗಳ ಸಂದಿನಿಂದ ಪುಡಿ ಜಾರುವುದು, ಎಳೆ ತಪ್ಪಿದಾಗ ನಾಲಗೆ ಕಚ್ಚಿಕೊಳ್ಳುವುದು, ಎಲ್ಲವೂ ಬಂದುವು. ಮೂವತ್ತೈದು ವರ್ಷಗಳ ಸಂಸಾರದಲ್ಲಿ ಆ ನಾಲಗೆ ಕಚ್ಚಿಕೊಳ್ಳುವುದನ್ನು ನಾವು ನೋಡಿದ್ದು ಅದೇ ಮೊದಲು.

ತೂಕವನ್ನು ಹೇಳಲೇಬೇಕು. ಮಸೂರ, ಬ್ಯಾಟರಿಗಳೊಡನೆ ದೊಡ್ಡದು ಒಂದು ಕಿಲೋಗ್ರಾಂಗಿಂತ ಮಿಗಿಲು. ಚಿಕ್ಕದು 240 ಗ್ರಾಂ. ಒಮ್ಮೆ ಬ್ಯಾಟರಿ ತುಂಬಿಸಿದರೆ ದೊಡ್ಡದು ಸುಮಾರು 850 ಚಿತ್ರಗಳಿಗೆ, ಚಿಕ್ಕದು ಸುಮಾರು 330 ಚಿತ್ರಗಳಿಗೆ ಬರುವುದೆಂದು ಎಣಿಕೆ. “ಮೊಬೈಲಿರುವಾಗ ಇವೆರಡೂ ಏಕೆ?” ಎಂದು ಕೇಳುವವರುಂಟು. ಹಗಲಿನ ಬೆಳಕಿಗೂ ದಿನದಿನದ ನೆನಪಿಗೂ ಅದು ಸಾಕು. ಆದರೆ ಅದರಲ್ಲಿ ಕರೆ ಬರುವುದು, ಸಂದೇಶ ಬರುವುದು. ತೆಗೆಯುವವರ ಚಿತ್ತವು ಎರಡಾಗುವುದು. ಒಂದೇ ಕೆಲಸದ ಉಪಕರಣವನ್ನು ಕೈಯಲ್ಲಿ ಹಿಡಿದವನು ಆ ಒಂದೇ ಕೆಲಸದಲ್ಲಿರುವನು.

ಈಗ ನಮ್ಮ ಮನೆಯ ಒಂದು ಮಾತನ್ನು ಹೇಳಬೇಕಾಗಿರುವುದು, ಸಂಕೋಚದಿಂದಲೇ ಹೇಳುವೆವು. 2015ರಲ್ಲಿ ನಮ್ಮ ಅಣ್ಣನವರಿಗೆ 70 ತುಂಬಿ ಭೀಮರಥಶಾಂತಿಯಾಯಿತು. ಅಂದು ಮನೆಯಲ್ಲಿ ಒಳ್ಳೆಯ ದೊಡ್ಡ ಕ್ಯಾಮೆರಾವಿತ್ತು. ಮುನ್ನೂರಕ್ಕೂ ಮಿಕ್ಕು ಚಿತ್ರಗಳನ್ನು ತೆಗೆದೆವು, ಒಂದೊಂದೂ ಚೆನ್ನಾಗಿರುವುದು. ಸಂಜೆ ಮಕ್ಕಳನ್ನು ಸುತ್ತ ಕುಳ್ಳಿರಿಸಿಕೊಂಡು ಅಣ್ಣನವರು, ನಮ್ಮ ತಾಯಿಯವರು ಹಾಡುತ್ತಿದ್ದ ತೊಟ್ಟಿಲ ಹಾಡನ್ನು ಹೇಳಿಕೊಟ್ಟರು. ಅದನ್ನು ಪೂರ್ತಿಯಾಗಿ ಬಲ್ಲವರು ಅವರೊಬ್ಬರೇ. ನಾವು ಆಗಲೂ ಚಿತ್ರವನ್ನೇ ತೆಗೆಯುತ್ತಿದ್ದೆವು. ಅದೇ ಯಂತ್ರದಲ್ಲಿ ಚಲನಚಿತ್ರವನ್ನೂ ಧ್ವನಿಯನ್ನೂ ಹಿಡಿಯುವ ಗುಂಡಿಯಿತ್ತು, ಒತ್ತಬೇಕೆಂದು ತೋರಲಿಲ್ಲ. ಮರುವರ್ಷ ಅಣ್ಣನವರು ತೀರಿಕೊಂಡರು. ಈಗ ನಮ್ಮಲ್ಲಿ ಅವರ ಬಾಯಿ ತೆರೆದಿರುವ ಹನ್ನೊಂದು ಚಿತ್ರಗಳಿರುವುವು. ಹಾಡಿನ ಮೂರನೆಯ ನುಡಿಯು ಯಾರಿಗೂ ಬಾರದು. ದೋಷವು ಯಂತ್ರದ್ದಲ್ಲ, ನಮ್ಮದು. ಸಾಗರದ ಸೋದರಿಗೆ ನಾವು ಉತ್ತರಿಸುವುದು ಆ ಹನ್ನೊಂದು ಚಿತ್ರಗಳನ್ನು ಮುಂದಿಟ್ಟುಕೊಂಡೇ.

ಅತ್ತೆಯವರ ಕೈಯನ್ನು ಉಳಿಸಬೇಕು, ಹಾಡನ್ನೂ ಉಳಿಸಬೇಕು. ಹಾಡು ಕಳೆದ ಚಿತ್ತಾರವು ಅರ್ಧ ಚಿತ್ತಾರವು. ಚಲನಚಿತ್ರ ತೆಗೆಯಬಲ್ಲ ಡಿಎಸ್‌ಎಲ್‌ಆರ್‌ಗಳಲ್ಲಿ ಡಿ90ಯೇ ಮೊದಲನೆಯದು. ಮೊದಲನೆಯದರ ಇತಿಮಿತಿಗಳೂ ಅದಕ್ಕೆ ಉಂಟು. ಅದರ ಹೆಚ್ಚಿನ ಸ್ಪಷ್ಟತೆಯ ಚಲನಚಿತ್ರವು ಒಮ್ಮೆಗೆ 5 ನಿಮಿಷ ಮಾತ್ರ. ಧ್ವನಿಯು ಒಂದೇ ಕಿವಿಯದು. ತೆಗೆಯುತ್ತಿರುವಾಗ ಫೋಕಸ್ಸನ್ನು ತಾನಾಗಿ ಸರಿಪಡಿಸಿಕೊಳ್ಳದು. ಬುಟ್ಟಿ ಬರೆಯುವ ಹಾಡು 5 ನಿಮಿಷಕ್ಕೆ ಮುಗಿಯುವುದೆ? ಆರ್‌ಎಕ್ಸ್100 ಅದಕ್ಕಿಂತ ಸ್ಫುಟವಾದ ಚಲನಚಿತ್ರವನ್ನು, ಎಡಬಲಗಳೆರಡರ ಧ್ವನಿಯೊಡನೆ, ಒಮ್ಮೆಗೆ ಸುಮಾರು 29 ನಿಮಿಷ ಹಿಡಿಯುವುದು. ಅಗಲನೋಟದಲ್ಲಿ 5 ಸೆಂ.ಮೀ. ಹತ್ತಿರದಿಂದಲೂ ಚಿತ್ರ ತೆಗೆಯುವುದು. ನಾರಿನ ಎಳೆಯ ಗುರುತೂ ಕಾಣುವುದು. ದೊಡ್ಡದರ ಆ ಮಸೂರಕ್ಕೆ 45 ಸೆಂ.ಮೀ. ದೂರ ಬೇಕು. ಮೇಲಾಗಿ ಚಿಕ್ಕದು ಸದ್ದುಮಾಡದು; ಮರೆವು ಕವಿಯುತ್ತಿರುವ ಹಿರಿಯ ಜೀವವನ್ನು ಪದದ ನಡುವೆ ಬೆಚ್ಚಿಬೀಳಿಸದು.

ಆದುದರಿಂದ, ಸೋದರಿ, ನೀವು ಚಿಕ್ಕದನ್ನೇ ಕೊಳ್ಳಿರಿ. ಚಿಕ್ಕದು ಉತ್ತಮ, ದೊಡ್ಡದು ಅಧಮ ಎಂದು ಯಾರೂ ಇದರಿಂದ ಅರ್ಥಮಾಡಬಾರದು. ಶಾಸ್ತ್ರಗಳಲ್ಲಿ ಅಧಿಕಾರಿಭೇದವೆಂಬ ಮಾತುಂಟು. ಉಪದೇಶವು ಪಡೆಯುವವನ ಸ್ಥಿತಿಗೆ ತಕ್ಕಂತಿರಬೇಕು. ಹಕ್ಕಿಗಳ ಹಿಂದೆ ಅಲೆಯುವ ತರುಣನು ಇದೇ ಪ್ರಶ್ನೆಯನ್ನು ಕೇಳಿದ್ದರೆ ದೊಡ್ಡದನ್ನೇ ಕೊಳ್ಳೆಂದು ಹೇಳುತ್ತಿದ್ದೆವು. ನಮ್ಮ ನಾಡಿನ ಟಿ. ಎನ್. ಎ. ಪೆರುಮಾಳ್, ಸಂಡೂರಿನ ಎಂ. ವೈ. ಘೋರ್ಪಡೆ ಮೊದಲಾದವರು ಕಾಡಿನಲ್ಲಿ ಕಾದು ಕುಳಿತು ಕೀರ್ತಿಯನ್ನು ಗಳಿಸಿದುದು ಮಸೂರ ಬದಲಿಸುವ ಯಂತ್ರಗಳಿಂದಲೇ. ನಿಮ್ಮ ಮಗಳಿಗೆ ಮುಂದೆ ಆ ಆಸೆ ಹುಟ್ಟಿದರೆ ಮೈದುನನ ಬಾಗಿಲು ತೆರೆದೇ ಇರುವುದು.

ಕೊಳ್ಳುವ ಮುನ್ನ ಕೆಲವು ಪರೀಕ್ಷೆಗಳನ್ನು ಮಾಡಿರಿ. ಚಿಕ್ಕದನ್ನು ಹತ್ತು ಸಲ ತೆರೆದು ಮುಚ್ಚಿರಿ. ಮಸೂರದ ಕೊಳವೆಯು ತಡೆಯದೆ, ಗರಗರ ಎನ್ನದೆ, ನೆಟ್ಟಗೆ ಹೊರಬರಬೇಕು. ಬಿಳಿಯ ಗೋಡೆಯನ್ನು ಕಿರಿದಾದ ಕಿಟಕಿಯಿಂದ ತೆಗೆದು ನೋಡಿರಿ. ಕಪ್ಪು ಚುಕ್ಕೆಗಳಿದ್ದರೆ ಒಳಗೆ ಧೂಳು ಸೇರಿರುವುದು. ಮಸೂರ ಬಿಚ್ಚದ ಯಂತ್ರದಲ್ಲಿ ಆ ಧೂಳನ್ನು ತೆಗೆಸುವುದು ಕಷ್ಟ. ಮಸೂರದೊಳಕ್ಕೆ ಟಾರ್ಚಿನ ಬೆಳಕು ಬಿಟ್ಟು, ಜೇಡರ ಬಲೆಯಂತೆ ಬೂಸು ಕಟ್ಟಿದೆಯೆ ಎಂದು ನೋಡಿರಿ. ದೊಡ್ಡದನ್ನು ಕೊಳ್ಳುವವರು, ಅದು ಈವರೆಗೆ ಎಷ್ಟು ಚಿತ್ರ ತೆಗೆದಿದೆ ಎಂದು ಕೇಳತಕ್ಕದ್ದು. ಡಿ90ರ ಷಟರನ್ನು 1,00,000 ಸಲದ ಬಳಕೆಗೆ ಪರೀಕ್ಷಿಸಲಾಗಿದ್ದಿತು. ನಿಮ್ಮದು ಮಳೆಯ ನಾಡು. ಕ್ಯಾಮೆರಾವನ್ನು ಚರ್ಮದ ಚೀಲದಲ್ಲಿಟ್ಟು ಬೀರುವಿನಲ್ಲಿ ಮುಚ್ಚಿಡಬೇಡಿರಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನೊಡನೆ ಇಡಿರಿ.

ಹುಣ್ಣಿಮೆಯವರೆಗೆ ಕಾಯಲೂ ಬೇಡಿರಿ. ಯಂತ್ರವು ಮನೆಗೆ ಬಂದ ದಿನವೇ ಅತ್ತೆಯವರ ಕೈಗೆ ಕೊಟ್ಟು, ನಿಮ್ಮ ಚಿತ್ರವನ್ನು ಅವರಿಂದ ತೆಗೆಯಿಸಿರಿ. ಅವರ ಅಂಜಿಕೆ ಬಿಡುವುದು. ಹಾಡನ್ನು ಈಗಿನಿಂದಲೇ ತುಣುಕು ತುಣುಕಾಗಿ ಹಿಡಿಯಿರಿ. ಇಂದು ಮರೆತ ಪದವು ನಾಳೆ ನೆನಪಾದೀತು. ತೆಗೆದುದನ್ನು ಎರಡು ಬೇರೆ ಕಡೆಗಳಲ್ಲಿ ಉಳಿಸಿರಿ. ಕೆಲವನ್ನಾದರೂ ಕಾಗದದ ಮೇಲೆ ಅಚ್ಚುಹಾಕಿಸಿ, ಹಿಂಬದಿಯಲ್ಲಿ ಹೆಸರನ್ನೂ ತೇದಿಯನ್ನೂ ಬರೆಯಿರಿ. ಹಾಡಿನ ಪದಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿರಿ. ಅದಕ್ಕೆ ಬ್ಯಾಟರಿ ಬೇಡ.

ಬುಟ್ಟಿ ಬರೆಯುವ ದಿನ ಮೊದಲ ಐದು ನಿಮಿಷ ಮಾತ್ರ ನೀವು ಏನನ್ನೂ ತೆಗೆಯದೆ, ಅವರ ಪಕ್ಕದಲ್ಲಿ ಕುಳಿತು ಸೊಲ್ಲಿಗೆ ಸೊಲ್ಲು ಕೂಡಿಸಿರಿ. ಯಂತ್ರವನ್ನು ಮಗಳು ಹಿಡಿಯಲಿ.