ಕೋರ್ಟಿನಲ್ಲಿ ನಮಗೇ ಬಾಯಿಲ್ಲವೇ?

“ವಕೀಲರನ್ನಿಡದೆ ಹೆಂಗಸು ಕೋರ್ಟು ಹತ್ತಿದರೆ ನಗೆಪಾಟಲು.” ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಯಾವ ತಾಲ್ಲೂಕಿನ ಸಂಘದ ಸಭೆಗೆ ಹೋದರೂ ಇದೇ ಮಾತು. ಇದರಿಂದ ಲಾಭ ಯಾರಿಗೆ ಗೆಳತಿಯರೇ? ಉಳಿದ ಒಂದು ಜೊತೆ ಓಲೆಯನ್ನೂ ಗಿರವಿಯಿಟ್ಟು ವಾಯಿದೆಯಿಂದ ವಾಯಿದೆಗೆ ಅಲೆಯುವ ಹೆಣ್ಣಿಗಂತೂ ಅಲ್ಲ.

1984ರ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆ ಬಂದದ್ದು ಮಹಿಳಾ ಸಂಘಟನೆಗಳು ಒತ್ತಾಯಿಸಿದ್ದರಿಂದ. ಅದರ 13ನೇ ಕಲಮಿನ ಪ್ರಕಾರ ಅಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಯಾರ ಹಕ್ಕೂ ಅಲ್ಲ. ಬೇರೆ ಸಿವಿಲ್ ನ್ಯಾಯಾಲಯಗಳಲ್ಲೂ ತನ್ನ ಕೇಸನ್ನು ತಾನೇ ನಡೆಸಬಹುದು. ಆದರೂ ವಕಾಲತ್ತು ಇಲ್ಲದವಳನ್ನು ಗುಮಾಸ್ತರು ಕೂಡ ಕಣ್ಣೆತ್ತಿ ನೋಡುವುದಿಲ್ಲ. ಕಾನೂನು ಕೊಟ್ಟದ್ದನ್ನು ಕಚೇರಿ ಕಿತ್ತುಕೊಳ್ಳುವುದೆಂದರೆ ಇದೇ.

ಇದಕ್ಕಿಂತ ದೊಡ್ಡ ಮೋಸ ಅರಳಿಕಟ್ಟೆಯದು. ಛಾಪಾ ಕಾಗದದ ಮೇಲೆ ‘ಬಿಡುಗಡೆ ಪತ್ರ’ ಬರೆಸಿ, ಒಡವೆ ಪಾತ್ರೆ ಎಲ್ಲ ಸಂದಾಯವಾಗಿದೆ ಎಂದು ಸೇರಿಸಿ, ಹೆಬ್ಬೆಟ್ಟು ಒತ್ತಿಸುತ್ತಾರೆ. ಜಾತಿಯಲ್ಲಿ ಅಂಥ ರೂಢಿಯಿದೆಯೆಂದು ಸಾಬೀತಾಗದ ಹೊರತು 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ಅದು ವಿಚ್ಛೇದನವೇ ಅಲ್ಲ. ಯಜಮಾನರು ಯಾರೇ ಇರಲಿ, ಸಹಿ ಹಾಕಬೇಡಿ.

ಅಮೀನ ಸಮನ್ಸು ತಂದರೆ ಬಾಗಿಲು ಹಾಕಿಕೊಳ್ಳಬೇಡಿ. ಬೇಡವೆಂದರೂ ಅದು ಜಾರಿಯಾದಂತೆಯೇ, ನೀವಿಲ್ಲದೆಯೇ ತೀರ್ಪಾಗಬಹುದು. ಮುಂಬೈಗೋ ಬೆಂಗಳೂರಿಗೋ ಹೋದ ಗಂಡ ಅಲ್ಲೇ ಬರಬೇಕೆಂದು ಹೆದರಿಸುತ್ತಾನೆ. 2003ರ ತಿದ್ದುಪಡಿಯ ನಂತರ ಹೆಂಡತಿ ತಾನಿರುವ ಊರಿನ ವ್ಯಾಪ್ತಿಯ ನ್ಯಾಯಾಲಯದಲ್ಲೇ ಅರ್ಜಿ ಹಾಕಬಹುದು.

ಇನ್ನು ಆದಾಯ. “ನನ್ನ ಹೆಸರಲ್ಲಿ ಏನೂ ಇಲ್ಲ ಸ್ವಾಮಿ” ಎಂದು ನಾಲ್ಕೆಕರೆ ನೀರಾವರಿ ಗದ್ದೆಯವನೂ ಕೈಮುಗಿಯುತ್ತಾನೆ. ಅವನ ಬಾಯಿ ಮುಚ್ಚಿಸುವುದು ವಾಗ್ವೈಖರಿಯಲ್ಲ, ಕಾಗದ. ಪಹಣಿ, ಕಾರ್ಖಾನೆಗೆ ಕಬ್ಬು ಸಾಗಿಸಿದ ಚೀಟಿ, ಡೇರಿಯ ಹಾಲಿನ ಲೆಕ್ಕ, ಸಂಬಳದ ಚೀಟಿ ಹುಡುಕಿ. ಲಗ್ನಪತ್ರಿಕೆ, ಮದುವೆ ಫೋಟೋ, ಒಡವೆ ಅಂಗಡಿಯ ರಸೀದಿ, ಆಸ್ಪತ್ರೆಯ ಚೀಟಿ ತವರಲ್ಲಿರಲಿ; ನಕಲು ಸಂಘದ ಪೆಟ್ಟಿಗೆಯಲ್ಲಿರಲಿ. ಹೊಡೆದ ದಿನ, ಹೊತ್ತು, ಕಂಡವರು ಯಾರು, ಒಂದು ನೋಟುಬುಕ್ಕಿನಲ್ಲಿ ಬರೆದಿಡಿ; ಬರೆಯಲು ಬಾರದಿದ್ದರೆ ಮಗಳ ಕೈಲಿ ಬರೆಸಿ. ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆಸ್ತಿ, ವರಮಾನದ ಪ್ರಮಾಣಪತ್ರ ಸಲ್ಲಿಸಬೇಕೆಂದೂ ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಸಲ್ಲಬೇಕೆಂದೂ ಸುಪ್ರೀಂ ಕೋರ್ಟು 2020ರ ರಜನೀಶ್–ನೇಹಾ ಪ್ರಕರಣದಲ್ಲಿ ಹೇಳಿದೆ. ಇದನ್ನು ಬಾಯಿಪಾಠ ಮಾಡಿ.

‘ಹೊಂದಾಣಿಕೆ’ ಎಂಬ ಪದದ ಬಗ್ಗೆ ನನಗೆ ಸಿಟ್ಟಿದೆ. ರಾಜಿಗೆ ಯತ್ನಿಸುವುದು ಕೌಟುಂಬಿಕ ನ್ಯಾಯಾಲಯದ ಕರ್ತವ್ಯ, ನಿಜ. ಆದರೆ ಹೊಂದಿಕೊಳ್ಳಬೇಕಾದವಳು ಯಾವಾಗಲೂ ಅವಳೇ ಏಕೆ? ಜೀವಭಯವಿದ್ದರೆ “ಹೋಗುವುದಿಲ್ಲ” ಎಂದು ಅಲ್ಲೇ ಹೇಳಿ, ದಾಖಲಿಸಿಕೊಳ್ಳಿ ಎನ್ನಿ.

ಹಠಕ್ಕೆ ಬಿದ್ದು ಒಬ್ಬಳೇ ಹೋರಾಡಿ ಎನ್ನುತ್ತಿಲ್ಲ. ಪಾಟೀಸವಾಲು ಕಷ್ಟದ ಕೆಲಸ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಲ್ಲಿ ಹೆಣ್ಣಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. ಆದರೆ ಆ ವಕೀಲರು ಬರೆದದ್ದನ್ನು ಓದಿಸಿಕೊಂಡೇ ಸಹಿ ಹಾಕಿ. ಹೊಡೆತ ನಿಲ್ಲಿಸಲು, ಮನೆಯಲ್ಲಿ ಉಳಿಯಲು 2005ರ ಕೌಟುಂಬಿಕ ಹಿಂಸೆ ಕಾಯಿದೆಯಡಿ ನಿಮ್ಮ ತಾಲ್ಲೂಕಿನ ಮ್ಯಾಜಿಸ್ಟ್ರೇಟರ ಬಳಿಗೇ ಹೋಗಬಹುದು. ಅಲ್ಲಿನ ಆದೇಶದ ನಕಲಿಗೆ ಯಾರಾದರೂ ಹಣ ಕೇಳಿದರೆ 24ನೇ ಕಲಮು ಎನ್ನಿ. ಅದನ್ನು ಪುಕ್ಕಟೆ ಕೊಡಬೇಕು.