ಐವತ್ತಮೂರು ಮಣಿ

ಮಂಗಳೂರಿನಲ್ಲಿ ನಮ್ಮ ಪಕ್ಕದ ಮನೆಯ ಬಾಯಮ್ಮನಿಗೆ ಎಂಬತ್ತು ದಾಟಿದೆ. ಮಕ್ಕಳೆಲ್ಲ ಗಲ್ಫಿನಲ್ಲಿ. ಬೆಳಗಿನ ಮಾತ್ರೆ ನುಂಗಿದ್ದು ನೆನಪಿರುವುದಿಲ್ಲ, ಕನ್ನಡಕ ಹಣೆಯ ಮೇಲಿದ್ದರೂ ಮನೆಯೆಲ್ಲ ಹುಡುಕುತ್ತಾರೆ. ಆದರೆ ಸಂಜೆ ಏಳಕ್ಕೆ ಮೇಣದಬತ್ತಿ ಹಚ್ಚಿ ತೆರ್ಸಿಗೆ, ಅಂದರೆ ಜಪಸರದ ಪ್ರಾರ್ಥನೆಗೆ, ಕೂತರೆ ಒಂದು ಪದವೂ ತಪ್ಪುವುದಿಲ್ಲ. ವಾತ ಹಿಡಿದು ಸೊಟ್ಟಗಾದ ಹೆಬ್ಬೆರಳು ಸವೆದ ಮಣಿಗಳನ್ನು ತಾನಾಗಿ ಸರಿಸುತ್ತದೆ. ಕೊಂಕಣಿ ಕ್ರೈಸ್ತರ ಈ ಜಪಸರದಲ್ಲಿ ಮರಿಯಮ್ಮನ ಪ್ರಾರ್ಥನೆ 53 ಸಲ ಬರುತ್ತದೆ. ಪ್ರತಿ ಸಲವೂ ಕೊನೆಗೆ ಬೇಡುವುದು ಎರಡೇ ಹೊತ್ತಿನ ಆಸರೆ: ಈ ಗಳಿಗೆ ಮತ್ತು ಸಾವಿನ ಗಳಿಗೆ. ಹದಿನೆಂಟರಲ್ಲಿ ಇವೆರಡರ ನಡುವೆ ಇಡೀ ಆಯುಷ್ಯ ಬಿದ್ದಿರುತ್ತದೆ. ಎಂಬತ್ತರಲ್ಲಿ ಎರಡೂ ಒಂದೇ ಬೆಂಚಿನಲ್ಲಿ ಬಂದು ಕೂತಿರುತ್ತವೆ. ಲೂಕನ ಸುವಾರ್ತೆಯಲ್ಲೂ ದೇವಾಲಯಕ್ಕೆ ತಂದ ಕೂಸು ಯೇಸುವಿನ ಗುರುತು ಹಿಡಿದವರು ಪಂಡಿತರಲ್ಲ, ಸಾವಿಗೆ ಮುನ್ನ ಒಮ್ಮೆ ನೋಡಬೇಕೆಂದು ಕಾದಿದ್ದ ಸಿಮೆಯೋನ ಮತ್ತು ಹಣ್ಣುಮುದುಕಿ ಅನ್ನ. ಪೋಪ್ ಫ್ರಾನ್ಸಿಸ್ 2021ರಲ್ಲಿ ಜುಲೈ ತಿಂಗಳ ನಾಲ್ಕನೇ ಭಾನುವಾರವನ್ನು ಅಜ್ಜ-ಅಜ್ಜಿಯರ ದಿನವೆಂದು ಸಾರಿದರು. ಬಾಯಮ್ಮನಿಗೆ ಅದರ ಹಂಗಿಲ್ಲ. “ಒಬ್ಬರೇ ಇರಲಿಕ್ಕೆ ಹೆದರಿಕೆ ಆಗುವುದಿಲ್ಲವಾ?” ಎಂದು ಒಮ್ಮೆ ಕೇಳಿದೆ. ಜಪಸರವನ್ನು ಡಬ್ಬಿಗೆ ಹಾಕುತ್ತ ನಕ್ಕರು: “ದಿನಕ್ಕೆ ಐವತ್ತಮೂರು ಸಲ ಹೇಳಿಟ್ಟಿದ್ದೇನೆ ಮಾರಾಯ್ರೆ. ನನಗೆ ಮರೆತರೂ ಆ ತಾಯಿಗೆ ಮರೆಯಲಿಕ್ಕುಂಟಾ?”