ಪದ್ಮಿನಿಯ ತಂಗಿಯರು

ಡೊಂಬಿವಲಿಯ ಹಿರಿಯ ಓದುಗರೊಬ್ಬರು ನಮಗೆ ಕಾಗದ ಬರೆದಿದ್ದಾರೆ: "ಸಂಘದ ವಾಚನಾಲಯದಲ್ಲಿ ಕೂತರೆ ನೀವು ಮೋಟಾರು ಗಾಡಿಗಳ ಮಾತು ಬಿಟ್ಟು ಬೇರೆ ಆಡುವುದಿಲ್ಲ. ಈ ಅಂಕಣದಲ್ಲಿ ಮಾತ್ರ ಮೂರು ಸಂಚಿಕೆಗಳಿಂದ ಲೋಕಲ್ ರೈಲಿನಿಂದ ಕೆಳಗಿಳಿದಿಲ್ಲ. ನಮ್ಮ ಊರಿನ ಮಗ್ಗುಲಲ್ಲೇ ಪ್ರೀಮಿಯರ್ ಕಂಪೆನಿಯ ಕಾರ್ಖಾನೆಯಿತ್ತು. ಸಾಲುಸಾಲಾಗಿ ಹೊಸ ಕಾರುಗಳನ್ನು ತಂದರೂ ಆ ಕಂಪೆನಿ ಏಕೆ ಮುಳುಗಿತು? ನಿಮ್ಮ ಅಭಿಪ್ರಾಯ ತಿಳಿಸಿರಿ." ಕೇಳಿದವರು ದೊಡ್ಡವರು. ಒಲ್ಲೆವೆನ್ನಲು ನಮಗೆ ಮನಸ್ಸಿಲ್ಲ.

ಮೊದಲೇ ಹೇಳಿಬಿಡುತ್ತೇವೆ, ನಮ್ಮಲ್ಲಿ ಕಾರಿಲ್ಲ. ಸರಕಾರಿ ಕಚೇರಿಯ ಗುಮಾಸ್ತರ ಸಂಬಳದಲ್ಲಿ ಬಾಡಿಗೆಯ ಮನೆ ಹಿಡಿದವರು ಕಾರಿಗೂ ಒಂದು ಬಾಡಿಗೆಯ ಜಾಗ ಹುಡುಕಲು ಹೊರಡುವುದು ಆಗದ ಮಾತು. "ಇಲ್ಲದ ಕಾರಿಗೆ ಇಷ್ಟು ಮಾತೆ?" ಎಂದು ಮನೆಯಲ್ಲಿ ಕೇಳುವುದುಂಟು. ಬ್ಯಾಟು ಹಿಡಿಯದವರೆಲ್ಲ ಟೆಸ್ಟ್ ಪಂದ್ಯದ ತೀರ್ಪು ಕೊಡುವ ಈ ಮುಂಬಯಿಯಲ್ಲಿ ಅಷ್ಟು ಸ್ವಾತಂತ್ರ್ಯ ನಮಗೂ ಇರಲಿ. ಅಲ್ಲದೆ ಕಾರಿದ್ದವರಿಗೆ ತಮ್ಮ ಕಾರೇ ಚೆಂದ. ನಮಗೆ ಆ ಪಕ್ಷಪಾತವಿಲ್ಲ.

ಪ್ರೀಮಿಯರ್ ಎಂಬ ಹೆಸರು ಬಂದಾಗ ಕನ್ನಡಿಗರು ಸ್ವಲ್ಪ ಕಿವಿ ನಿಮಿರಿಸಬೇಕು. ಈ ದೇಶದಲ್ಲಿ ಮೋಟಾರು ಕಾರ್ಖಾನೆಯೊಂದು ಆಗಲೇಬೇಕೆಂದು ಹಟ ಹಿಡಿದವರಲ್ಲಿ ಮೊದಲಿಗರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ, ಅವರು ಯೂರೋಪು ಅಮೆರಿಕಗಳಿಗೆ ಹೋಗಿ ಕಾರ್ಖಾನೆಗಳನ್ನು ಕಣ್ಣಾರೆ ಕಂಡುಬಂದು ಯೋಜನೆ ಸಿದ್ಧಪಡಿಸಿದರು. ಅದನ್ನು ಕೈಗೆತ್ತಿಕೊಂಡ ಉದ್ಯಮಿ ವಾಲ್‌ಚಂದ್ ಹೀರಾಚಂದರು. ಕಾರ್ಖಾನೆಯನ್ನು ಮೈಸೂರು ಸಂಸ್ಥಾನದಲ್ಲೇ ಕಟ್ಟುವ ಮಾತೂ ನಡೆಯಿತು. ಆಗಿನ ಬ್ರಿಟಿಷ್ ಸರಕಾರ ಕೈಗೂಡಿಸಲಿಲ್ಲ. ಕೊನೆಗೆ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಹುಟ್ಟಿತು, ಕಾರ್ಖಾನೆ ನಮ್ಮ ಕುರ್ಲಾದಲ್ಲಿ ಎದ್ದಿತು. ಅಮೆರಿಕದ ಕ್ರೈಸ್ಲರ್ ಕಂಪೆನಿಯ ಗಾಡಿಗಳನ್ನು ಜೋಡಿಸುವುದರಿಂದ ಕೆಲಸ ಆರಂಭವಾಯಿತು. ಕುರ್ಲಾ ಹಾದು ಹೋಗುವಾಗ ನಮಗೆ ಆ ಮೈಸೂರು ಪೇಟದ ನೆನಪಾಗುವುದು ಇದಕ್ಕಾಗಿ.

ಮುಂದೆ ಬಂದುದು ಇಟಲಿಯ ಫಿಯೆಟ್ ಸಂಬಂಧ. 1954ರಲ್ಲಿ ಬಂದ ಕಾರಿಗೆ ಮಿಲ್ಲೆಚೆಂತೊ ಎಂದು ಹೆಸರು. ಇಟಾಲಿಯನ್ ಭಾಷೆಯಲ್ಲಿ ಅದಕ್ಕೆ ಸಾವಿರದ ನೂರು ಎಂದಷ್ಟೇ ಅರ್ಥ, ಎಂಜಿನ್ನಿನ ಅಳತೆ. 1964ರಲ್ಲಿ ಅದರ ಹೊಸ ರೂಪ 1100 ಡಿ ಬಂದಿತು. ಹೆಸರಿನ ಕರಾರು ಮುಗಿದ ಮೇಲೆ ಅದೇ ಕಾರು ಮೊದಲು ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, 1974ರಿಂದ ಚಿತ್ತೂರಿನ ರಾಣಿಯ ಹೆಸರು ಹೊತ್ತು ಪ್ರೀಮಿಯರ್ ಪದ್ಮಿನಿ ಆಯಿತು. ಜನ ಮಾತ್ರ ಕೊನೆಯವರೆಗೂ ಫಿಯೆಟ್ ಎಂದೇ ಕರೆದರು. ಇಟಲಿಯಲ್ಲಿ ಆ ವಂಶ 1969ರಲ್ಲೇ ಮುಗಿದಿತ್ತು. ಇಲ್ಲಿ 2000ದವರೆಗೂ ನಡೆಯಿತು.

ಪದ್ಮಿನಿಯ ಗುಣಾವಗುಣಗಳು ನಮ್ಮ ಓದುಗರಿಗೆ ಗೊತ್ತಿದ್ದವೇ. 1089 ಸಿ.ಸಿ. ಎಂಜಿನ್ನು, ಸ್ಟೀರಿಂಗಿನ ಮಗ್ಗುಲಲ್ಲಿ ಗೇರಿನ ಕೋಲು. ಗೇರು ನೆಲದಲ್ಲಿ ಇಲ್ಲದ್ದರಿಂದ ಮುಂದಿನ ಉದ್ದ ಸೀಟಿನಲ್ಲಿ ಇನ್ನೊಬ್ಬ ಹುಡುಗನನ್ನು ತುರುಕಬಹುದು. ಬೇಸಗೆಯಲ್ಲಿ ಪೆಟ್ರೋಲು ಕುದಿದು ಆವಿಯಾಗಿ ಗಾಡಿ ನಿಂತರೆ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುವುದು. ಖಂಡಾಲಾ ಘಾಟಿನಲ್ಲಿ ರೇಡಿಯೇಟರಿಗೆ ನೀರು ಕುಡಿಸಲು ಒಮ್ಮೆ ಇಳಿಯುವುದು. ಆದರೆ ಬಾನೆಟ್ಟು ಎತ್ತಿದರೆ ಒಳಗೆ ಏನಿದೆ ಎಂದು ಕಣ್ಣಿಗೆ ಕಾಣುತ್ತಿತ್ತು. ಗಲ್ಲಿಯ ಗ್ಯಾರೇಜಿನ ಮೇಸ್ತ್ರಿಗೆ ಅದು ಬಾಯಿಪಾಠ. ಬಿಡಿಭಾಗಗಳೆಲ್ಲ ಬಹುಮಟ್ಟಿಗೆ ಇಲ್ಲಿಯೇ ತಯಾರಾಗುತ್ತಿದ್ದವು. ನಮ್ಮ ಜನಕ್ಕಂತೂ ಎಲ್ಲಕ್ಕಿಂತ ಮುಖ್ಯವಾದುದು ಟ್ಯಾಕ್ಸಿಯ ನೆತ್ತಿಯ ಮೇಲಿನ ಕ್ಯಾರಿಯರ್. ಊರಿನಿಂದ ರೈಲಿನಲ್ಲಿ ಬಂದವರ ಟ್ರಂಕು, ಹಾಸಿಗೆ, ಜೋಳದ ಚೀಲ, ತೆಂಗಿನಕಾಯಿ ಮೂಟೆ, ಮೇಲೆ ಹಗ್ಗ ಬಿಗಿದು ಕಟ್ಟಿದ ಉಪ್ಪಿನಕಾಯಿ ಭರಣಿ, ಇಷ್ಟನ್ನೂ ಹೊತ್ತು ದಾದರಿನಿಂದ ಮಾಟುಂಗಕ್ಕೋ ಚೆಂಬೂರಿಗೋ ಬಂದು ಇಳಿಸಿದ ಕಾರು ಅದು.

ಇನ್ನು ತಂಗಿಯರ ವಿಷಯ. ಕಾರು ಬೇಕಾದವರು ವರ್ಷಗಟ್ಟಲೆ ಸರದಿಯಲ್ಲಿ ಕಾಯುತ್ತಿದ್ದ ಲೈಸೆನ್ಸಿನ ಕಾಲದಲ್ಲಿ ತಯಾರಕರಿಗೆ ಹೊಸ ಮಾದರಿಯ ಗೊಡವೆಯೇ ಇರಲಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದಾಗ ಹಳೆಯ ಮೂರೂ ಮನೆಗಳಿಗೆ ಏಕಕಾಲಕ್ಕೆ ಎಚ್ಚರವಾಯಿತು. ಎಚ್ಚರಗೊಂಡವರು ಮಾಡಿದ್ದೇನು? ಮೂವರೂ ಯೂರೋಪಿನ ಹಳೆಯ ಸಾಮಾನಿನ ಅಂಗಡಿಗೆ ಹೋದರು. ಕಲಕತ್ತೆಯ ಹಿಂದುಸ್ತಾನ್ ಮೋಟರ್ಸಿನವರು ಇಂಗ್ಲೆಂಡಿನ ವಾಕ್ಸಾಲ್ ಮೈಕಟ್ಟಿಗೆ ಕಾಂಟೆಸ್ಸಾ ಎಂದು ಹೆಸರಿಟ್ಟರು. ಮದರಾಸಿನ ಸ್ಟ್ಯಾಂಡರ್ಡಿನವರು ರೋವರ್ ಕಾರಿನ ಸೊಗಸಾದ ಮೈಯೊಳಗೆ ತಮ್ಮ ಹಳೆಯ ಎಂಜಿನ್ನು ಕೂರಿಸಿ ಸ್ಟ್ಯಾಂಡರ್ಡ್ 2000 ಎಂದರು. ಆ ಕಾರಿನೊಡನೆ ಕಂಪೆನಿಯ ಕಾರು ವ್ಯಾಪಾರವೂ ಮುಗಿಯಿತು. ಪ್ರೀಮಿಯರಿನವರು 1985ರಲ್ಲಿ ತಂದುದು 118 ಎನ್.ಇ.

ಈ 118 ಎನ್.ಇ. ವಿಷಯದಲ್ಲಿ ವಾಚನಾಲಯದ ಮಿತ್ರರಿಗೂ ನಮಗೂ ಹಳೆಯ ಜಗಳ. ಅದು ಡಬ್ಬಿ, ಮಕ್ಕಳು ಪೆನ್ಸಿಲಿನಿಂದ ಬರೆದ ಕಾರಿನ ಚಿತ್ರ ಎಂದು ಅವರು. ಅದು ಒಳ್ಳೆಯ ಕಾರು ಎಂದು ನಾವು. ಅದರ ಮೂಲ 1966ರ ಫಿಯೆಟ್ 124. ಯೂರೋಪಿನಲ್ಲಿ 1967ರ ವರ್ಷದ ಕಾರು ಎಂದು ಗೌರವ ಪಡೆದದ್ದು. ರಷ್ಯದವರು ಅದನ್ನೇ ಬಲಪಡಿಸಿ ಲಾಡಾ ಎಂಬ ಹೆಸರಿನಲ್ಲಿ ಲಕ್ಷಗಟ್ಟಲೆ ಮಾಡಿ ಹಿಮದಲ್ಲಿ ಓಡಿಸಿದರು. ಸ್ಪೇನಿನ ಸೆಯಾಟ್ ಕಂಪೆನಿ ತಿದ್ದಿದ ಚೌಕ ದೀಪಗಳ ಮುಖವೇ ನಮ್ಮಲ್ಲಿಗೆ ಬಂದದ್ದು. ಎಂಜಿನ್ನು ಜಪಾನಿನ ನಿಸ್ಸಾನ್, 1171 ಸಿ.ಸಿ. ಹೆಸರಿನ ಕೊನೆಯ ಎನ್.ಇ. ಎಂಬುದು ನಿಸ್ಸಾನ್ ಎಂಜಿನ್ನಿನ ಗುರುತು. ಡಬ್ಬಿಯಂತಿದ್ದುದರಿಂದಲೇ ಒಳಗೆ ತಲೆಗೂ ಮೊಣಕಾಲಿಗೂ ಎಡೆ ಇತ್ತು. ಕಿಟಕಿಗಳು ಎತ್ತರ, ಕಂಬಗಳು ಸಪೂರ, ಕೂತಲ್ಲಿಂದ ಕಾರಿನ ನಾಲ್ಕು ಮೂಲೆಯೂ ಕಾಣುತ್ತಿತ್ತು. ಈಗಿನ ಕಾರುಗಳಲ್ಲಿ ಹಿಂದೆ ಕೂತ ಮಗುವಿಗೆ ಆಕಾಶ ಕಾಣುವುದಿಲ್ಲ. ಡಿಕ್ಕಿಯಂತೂ ನಮ್ಮವರ ಊರಿನ ಪ್ರಯಾಣಕ್ಕೆಂದೇ ಮಾಡಿದಂತೆ ಚೌಕ.

ಹಾಗಾದರೆ ಕೊರತೆ ಎಲ್ಲಿ? ನಮ್ಮ ಲೆಕ್ಕದಲ್ಲಿ ಅದು ಕಾರಿನೊಳಗೆ ಇರಲಿಲ್ಲ. ಕಚೇರಿಯಲ್ಲಿ ನಮಗೆ ಪರಿಚಿತವಾದ ಒಂದು ಪದ್ಧತಿಯಿದೆ. ಹಳೆಯ ಕಡತ ಜೀರ್ಣವಾದರೆ ಅದಕ್ಕೆ ಹೊಸ ಹೊದಿಕೆ ಹಾಕಿ ಹೊಸ ನಂಬರು ಕೊಟ್ಟು ಮೇಜಿನಿಂದ ಮೇಜಿಗೆ ಕಳಿಸುವುದು. ಒಳಗಿನ ಪ್ರಶ್ನೆಯನ್ನು ಯಾರೂ ಓದುವುದಿಲ್ಲ. 118 ಎನ್.ಇ. ಕಡತದ ಒಳಗೆ ಇದ್ದ ಪ್ರಶ್ನೆ ಇದು: ಮಾರುತಿಯನ್ನು ಚಿಕ್ಕದೆನ್ನುವ, ಅಂಬಾಸಿಡರನ್ನು ಭಾರವೆನ್ನುವ ಸಂಸಾರಕ್ಕೆ ಇನ್ನು ಹತ್ತು ವರ್ಷದಲ್ಲಿ ಎಂಥ ಕಾರು ಬೇಕಾದೀತು? ಕಾರನ್ನು ತಂದವರು ಅದನ್ನು ವರ್ಷ ವರ್ಷವೂ ತಿದ್ದಿ ಬೆಳೆಸಲಿಲ್ಲ. ಹತ್ತೊಂಬತ್ತು ವರ್ಷ ಹಳೆಯ ಮಗುವನ್ನು ದತ್ತು ತಂದು, ಬಟ್ಟೆ ತೊಡಿಸಿ, ಪಡಸಾಲೆಯಲ್ಲಿ ಕೂರಿಸಿದರು ಅಷ್ಟೆ.

ಮುಂದಿನವಳು ಪ್ಯೂಜೊ 309. 1990ರ ದಶಕದ ನಡುವೆ ಫ್ರಾನ್ಸಿನವರೊಡನೆ ಕೂಡಿ ಕಲ್ಯಾಣದ ಕಾರ್ಖಾನೆಯಲ್ಲಿ ಮಾಡಿದರು. ಇವಳ ಜಾತಕ ಇನ್ನೂ ವಿಚಿತ್ರ. ಹುಟ್ಟುವ ಮುನ್ನ ಟಾಲ್ಬಟ್ ಎಂಬ ಬೇರೆ ಮನೆತನದ ಹೆಸರು ಗೊತ್ತಾಗಿತ್ತು. ಆ ಮನೆತನವೇ ಬಾಗಿಲು ಮುಚ್ಚುವ ಹೊತ್ತಾದ್ದರಿಂದ 1985ರಲ್ಲಿ ಪ್ಯೂಜೊ ಎಂಬ ನಾಮಕರಣ. ರಸ್ತೆಯನ್ನು ಹಿಡಿದು ಓಡುವುದರಲ್ಲಿ, ಕುಲುಕಾಟ ನುಂಗುವುದರಲ್ಲಿ ಆ ಕಾಲದ ನಮ್ಮ ಕಾರುಗಳಲ್ಲಿ ಇದಕ್ಕೆ ಸಮ ಕಡಿಮೆ ಎಂಬುದು ನಮ್ಮ ಖಚಿತ ಅಭಿಪ್ರಾಯ. ಅದೇ ಹೊತ್ತಿಗೆ ಕುರ್ಲಾದಲ್ಲಿ ಫಿಯೆಟ್ ಊನೊ. 1996ರಲ್ಲಿ ಬುಕಿಂಗ್ ತೆರೆದಾಗ ಜನ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಹಣ ಕಟ್ಟಿದರು. ಆದರೆ ಕಾರ್ಮಿಕರ ತಗಾದೆ, ಮುಷ್ಕರ, ಪಾಲುದಾರರ ಮನಸ್ತಾಪಗಳ ನಡುವೆ ಗಾಡಿಗಳು ಹೊರಬೀಳಲಿಲ್ಲ. ಫ್ರಾನ್ಸಿನವರು ಕೆಲವೇ ವರ್ಷಗಳಲ್ಲಿ ಕೈ ತೊಳೆದುಕೊಂಡು ಹೋದರು. ಹಣ ಕಟ್ಟಿ ಕಾದವರ ಪಾಡು, ಕಾರ್ಖಾನೆಯ ಬಾಗಿಲಲ್ಲಿ ನಿಂತ ಕೆಲಸಗಾರರ ಪಾಡು, ಯಾವುದು ಹೆಚ್ಚು ಕಷ್ಟವೆಂದು ಕೇಳಿದರೆ ನಾವು ಎರಡನೆಯದನ್ನೇ ಹೇಳುತ್ತೇವೆ. ಕಾರು ಇಲ್ಲದೆ ಬದುಕಬಹುದೆಂಬುದಕ್ಕೆ ನಾವೇ ಸಾಕ್ಷಿ.

ಇಲ್ಲಿ ಒಂದು ಮಾತನ್ನು ಓದುಗರು ಗಮನಿಸಬೇಕು. ಪದ್ಮಿನಿ ಇಟಲಿ ಮೂಲದವಳು. 118 ಸ್ಪೇನಿನ ಮೈ, ಜಪಾನಿನ ಹೃದಯ. 309 ಫ್ರೆಂಚು. ಊನೊ ಮತ್ತೆ ಇಟಲಿ, ಆದರೆ ಪದ್ಮಿನಿಗೂ ಅದಕ್ಕೂ ಒಂದು ಬೋಲ್ಟಿನ ನಂಟೂ ಇಲ್ಲ. ಗಲ್ಲಿಯ ಮೇಸ್ತ್ರಿ ಒಂದೇ ಕಂಪೆನಿಯ ಗಾಡಿಗಳಿಗಾಗಿ ನಾಲ್ಕು ಭಾಷೆ ಕಲಿಯಬೇಕಾಯಿತು. ಹೊರನಾಡ ಕನ್ನಡಿಗರಾದ ನಮಗೆ ಇದು ಹೊಸದಲ್ಲ. ತರಕಾರಿಯವನೊಡನೆ ಮರಾಠಿ, ರೈಲಿನಲ್ಲಿ ಹಿಂದಿ, ಕಚೇರಿಯ ಟಿಪ್ಪಣಿಗೆ ಇಂಗ್ಲಿಷು, ಎಲ್ಲ ನಡೆಯುತ್ತದೆ. ನಡೆಯುವುದು ಏಕೆಂದರೆ ಮನೆಯೊಳಗೆ ಒಂದು ಮಾತು ಇದೆ, ಉಳಿದವು ಅದರ ಮೇಲೆ ನಿಲ್ಲುತ್ತವೆ. ಪ್ರೀಮಿಯರಿಗೆ ಆ ಮನೆಮಾತು ಕೂಡಿಬರಲಿಲ್ಲ. ನಲವತ್ತು ವರ್ಷಕ್ಕೂ ಮಿಕ್ಕಿ ಫಿಯೆಟ್ 1100ರ ವಂಶವನ್ನು ಕಟ್ಟಿದ ಕೈಗಳು, ಅದರ ಒಂದೊಂದು ತಿರುಪನ್ನೂ ಬಲ್ಲವರು, ಆ ವಿದ್ಯೆಯಿಂದಲೇ ಸ್ವಂತದ ಒಂದು ಹೊಸ ಕಾರು ಹುಟ್ಟಬೇಕಾಗಿತ್ತು. ಕೊನೆಗಾಲದಲ್ಲಿ ಪದ್ಮಿನಿಗೆ ಬೇರೆ ಬೇರೆ ಸೀಟು, ನೆಲದ ಗೇರು ಕೊಟ್ಟರು. ಅಷ್ಟಕ್ಕೇ ನಿಂತಿತು.

"ಸ್ವಂತ ಕಾರು ಮಾಡುವುದೆಂದರೆ ದೋಸೆ ಹುಯ್ದಂತೆಯೆ?" ಎಂದು ನಮ್ಮ ಮಿತ್ರರು ಕೇಳುತ್ತಾರೆ. ಅಲ್ಲ. ಆದರೆ ಕುರ್ಲಾದಿಂದ ಒಂದು ಹಗಲಿನಲ್ಲಿ ಹೋಗಿ ಬರುವಷ್ಟು ದೂರದ ಪುಣೆಯಲ್ಲಿ, ಲಾರಿಗಳಿಗೆ ಹೆಸರಾದ ಟಾಟಾದವರು 1998ರಲ್ಲಿ ಇಂಡಿಕಾ ತಂದರು. ಅವರೂ ಇಟಲಿಯ ಟ್ಯೂರಿನ್ನಿನ ಕುಶಲಿಗಳ ನೆರವು ಪಡೆದರು, ಕಾರನ್ನು ಮಾತ್ರ ತಮ್ಮದಾಗಿಯೇ ಇಟ್ಟುಕೊಂಡರು. ಮೊದಮೊದಲ ಗಾಡಿಗಳ ಮೇಲೆ ದೂರುಗಳ ಮಳೆ ಸುರಿಯಿತು. ತಮ್ಮ ಕೈಯ ಕೂಸಾದ್ದರಿಂದ ಎಲ್ಲಿ ನೋವೆಂದು ಅವರಿಗೆ ತಿಳಿಯಿತು. ತಿದ್ದಿ 2001ರಲ್ಲಿ ವಿ2 ಎಂದು ಮತ್ತೆ ತಂದರು. ಅದು ಓಡಿತು. ದತ್ತು ತಂದ ಗಾಡಿ ಕೆಮ್ಮಿದರೆ ಪರದೇಶಕ್ಕೆ ಕಾಗದ ಬರೆದು ಉತ್ತರಕ್ಕೆ ಕಾಯಬೇಕು.

ಕೊನೆಯವಳು ರಿಯೊ. ಪದ್ಮಿನಿ ನಿಂತುಹೋಗಿ ಎಷ್ಟೋ ವರ್ಷಗಳ ಮೇಲೆ, 2009ರ ಕೊನೆಗೆ, ಪುಣೆಯ ಹತ್ತಿರದ ಚಿಂಚ್‌ವಡದಿಂದ ಪ್ರೀಮಿಯರ್ ಹೆಸರು ಹೊತ್ತು ಬಂದಳು. ಜಪಾನಿನ ದಾಯಿಹಾತ್ಸು ಟೇರಿಯೊಸ್ ಎಂಬ ಹಳೆಯ ಗಾಡಿಯನ್ನು ಚೀನದ ಜೋಟ್ಯೆ ಕಂಪೆನಿ ಹೊಲಿದು, ಅದರ ಮೈ ಇಲ್ಲಿಗೆ ಬಂದು, ಒಳಗೆ ಪ್ಯೂಜೊ ಡೀಸೆಲ್ ಎಂಜಿನ್ನು. ಜಾತಕ ನೋಡಿ ನಗುವವರು ಒಂದು ಗಳಿಗೆ ತಾಳಬೇಕು. ನಾಲ್ಕು ಮೀಟರಿಗಿಂತ ಗಿಡ್ಡ, ನೆಲದಿಂದ ಎತ್ತರ, ಜೀಪಿನ ಗತ್ತು, ಸಣ್ಣ ಕಾರಿನ ಬೆಲೆ. 2006ರ ಬಜೆಟ್ಟು ನಾಲ್ಕು ಮೀಟರಿನೊಳಗಿನ ಗಾಡಿಗಳಿಗೆ ಸುಂಕ ಇಳಿಸಿದ ಮೇಲೆ ನಮ್ಮ ಜನ ಏನನ್ನು ಕೇಳಲಿದ್ದಾರೆಂಬುದನ್ನು ಪ್ರೀಮಿಯರ್ ಸರಿಯಾಗಿ ಎಣಿಸಿತ್ತು! ಫೋರ್ಡಿನವರ ಇಕೊಸ್ಪೋರ್ಟ್ ಬಂದದ್ದು 2013ರಲ್ಲಿ. ಆಮೇಲೆ ಅದೇ ಅಳತೆಯ ಗಾಡಿಗಳು ಮಳೆಗಾಲದ ಅಣಬೆಗಳಂತೆ ಎದ್ದವು, ಇಂದು ನಮ್ಮ ಗಲ್ಲಿಯಲ್ಲಿ ನಿಂತವುಗಳಲ್ಲಿ ಅರ್ಧ ಆ ಜಾತಿಯವೇ. ಎಲ್ಲರಿಗಿಂತ ಮೊದಲು ಸರಿಯಾದ ಉತ್ತರ ಬರೆದವರು ಮುಳುಗುತ್ತಿದ್ದ ಈ ಕಂಪೆನಿಯವರು. ಬರೆದ ಕಾಗದ ಹಳೆಯದು, ಮಸಿ ಎರವಲು, ಊರೂರಿಗೆ ತಲುಪಿಸಲು ಅಂಗಡಿಗಳೂ ಇಲ್ಲ, ಕೈಯಲ್ಲಿ ಹಣವೂ ಇಲ್ಲ. 2012ರಲ್ಲಿ ಎಂಜಿನ್ನು ಬದಲಿಸಿ ಫಿಯೆಟಿನದನ್ನು ಹಾಕಿದರು, ಗಾಡಿ ಚುರುಕಾಯಿತು. ಕೊಳ್ಳುವವರು ಅಷ್ಟರಲ್ಲಿ ಬೇರೆ ಅಂಗಡಿಯ ಮೆಟ್ಟಿಲೇರಿದ್ದರು. ಪ್ರೀಮಿಯರ್ ಹೆಸರಿನ ಕಾರು ಈಗ ಎಲ್ಲಿಯೂ ತಯಾರಾಗುವುದಿಲ್ಲ. ಅವರ ಹೊಸ ಮಾದರಿಗಳಲ್ಲಿ ನಮಗೆ ಅತ್ಯಂತ ಮರುಕ ಹುಟ್ಟಿಸುವುದು ಈ ರಿಯೊ.

ಪದ್ಮಿನಿಯ ಲೆಕ್ಕ ಮುಗಿದದ್ದು ಆರ್.ಟಿ.ಓ. ಪುಸ್ತಕದಲ್ಲಿ. ಮುಂಬಯಿಯ ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಆಯುಸ್ಸು. ಕಟ್ಟಕಡೆಯ ಪದ್ಮಿನಿ ಟ್ಯಾಕ್ಸಿ ತಾರದೇವಿನ ಕಚೇರಿಯಲ್ಲಿ ನೋಂದಾಯಿತವಾದದ್ದು 2003ರ ಅಕ್ಟೋಬರ್ 29ರಂದು. 2023ರ ಅದೇ ದಿನಕ್ಕೆ ಕಪ್ಪು ಹಳದಿ ಪದ್ಮಿನಿಗಳ ಬಾಡಿಗೆ ಓಟ ನಿಂತಿತು. ಪತ್ರಿಕೆಗಳು ಅಂದು ಪುಟಗಟ್ಟಲೆ ಬರೆದವು. 118ಕ್ಕೂ 309ಕ್ಕೂ ಯಾರೂ ಅಷ್ಟು ಕಣ್ಣೀರು ಹಾಕಿದ್ದನ್ನು ನಾವು ಕಾಣೆವು.

ಕ್ಯಾರಿಯರ್ ಮಾತ್ರ ಉಳಿದಿದೆ. ಡಿಕ್ಕಿಯನ್ನು ಸಿ.ಎನ್.ಜಿ. ಸಿಲಿಂಡರು ಆಕ್ರಮಿಸಿರುವುದರಿಂದ ಈಗಿನ ಮಾರುತಿ, ಹ್ಯುಂಡೈ ಟ್ಯಾಕ್ಸಿಗಳ ನೆತ್ತಿಗೂ ಚಾಲಕರು ಅದನ್ನೇ ಬಿಗಿಸಿದ್ದಾರೆ, ಗಾಡಿ ಮಾಡಿದ ಕಂಪೆನಿಯವರು ಕೊಟ್ಟದ್ದಲ್ಲ. ಹೋದ ತಿಂಗಳು ಹುಬ್ಬಳ್ಳಿಯಿಂದ ಬಂದ ನಮ್ಮ ಅತ್ತೆಯವರ ಎರಡು ಚೀಲ ಜೋಳ ಅದರ ಮೇಲೆಯೇ ಬಂದವು.